ಗುಡುಗು ಎಂಬಾಕೆ

ಕೊಟ್ಟೂರಿನ ಬಸ್‌ಸ್ಟ್ಯಾಂಡಿನ ಎದುರು ಸೋಮಶೇಖರ್ ಇಂಟರ್‌ನೆಟ್ ಸೆಂಟರ್ ತೆರೆದು ಎರಡು ವರ್ಷವಾಗಿತ್ತು. ಅಲ್ಲಿ ಅರ್ಜಿ ಟೈಪ್ ಮಾಡುವ ಕೆಲಸ ಅವನ ತಂಗಿ ಗಂಗಾಂಬಿಕಾಳದು. ಚಿಕ್ಕಂದಿನಿಂದಲೂ ಅವಳಿಗೆ ಮಾತು ತೊದಲುತ್ತಿತ್ತು. ಗಿರಾಕಿ ಏನಾದರೂ ಕೇಳಿದರೆ ಅವಳು ಮೊದಲ ಅಕ್ಷರದಲ್ಲೇ ಸಿಕ್ಕಿಕೊಳ್ಳುವಳು, ಅಷ್ಟರಲ್ಲಿ ಅಣ್ಣ ಉತ್ತರ ಕೊಟ್ಟು ಮುಗಿಸಿರುತ್ತಿದ್ದ. ಬರಬರುತ್ತಾ ಅವಳು ಬಾಯಿ ತೆರೆಯುವುದನ್ನೇ ಬಿಟ್ಟಿದ್ದಳು.

ಮಧ್ಯಾಹ್ನ ಅಂಗಡಿ ಖಾಲಿಯಾದಾಗ ಮಾತ್ರ ಅವಳು ಬೇರೆಯೇ. ಕಂಪ್ಯೂಟರಿನಲ್ಲಿ ಕೋಟೆ ಕಟ್ಟಿ ಕಾದಾಡುವ ಆಟವೊಂದಿತ್ತು. ಎಲ್ಲೆಲ್ಲಿಯವರೋ ಕೂಡಿ ಆಡುವಂಥದ್ದು. ಅದರಲ್ಲಿ ಅವಳ ಹೆಸರು ‘ಗುಡುಗು’. ಅವಳ ಕೈಕೆಳಗೆ ಹದಿನಾರು ಮಂದಿಯ ಪಡೆ, ಅವಳೇ ದಳಪತಿ. ಯಾರು ಎಲ್ಲಿ ನಿಲ್ಲಬೇಕು, ಯಾವಾಗ ನುಗ್ಗಬೇಕು, ಎಲ್ಲವನ್ನೂ ಟೈಪ್ ಮಾಡಿ ಅಪ್ಪಣೆ ಕೊಡುತ್ತಿದ್ದಳು. ತಪ್ಪಿದವರಿಗೆ ಬೈಗುಳವೂ ಬೀಳುತ್ತಿತ್ತು.

ಆ ಪಡೆಯಲ್ಲಿ ಹಗರಿಬೊಮ್ಮನಹಳ್ಳಿಯ ತೌಸೀಫ್ ಎಂಬ ಮೆಕ್ಯಾನಿಕ್ ಇದ್ದ. ಗುಡುಗು ಕೊಟ್ಟೂರಿನವನು, ಈ ಅಂಗಡಿಯಲ್ಲೇ ಕೂರುತ್ತಾನೆ ಎಂದು ಆಟದ ನಡುವಿನ ಮಾತಿನಿಂದ ಗೊತ್ತಾದ ಮೇಲೆ ಒಂದು ದಿನ ಸಿಹಿ ಪೊಟ್ಟಣ ಹಿಡಿದು ಬಸ್ಸಿಳಿದೇ ಬಿಟ್ಟ.

“ಗುಡುಗು ಅಣ್ಣಾರು ಅದಾರೇನ್ರಿ?”

“ಅಂಥೋರು ಯಾರೂ ಇಲ್ರಿ,” ಎಂದು ಸೋಮಶೇಖರ್ ನಕ್ಕ.

ಗಂಗಾಂಬಿಕಾ ಎದ್ದು ನಿಂತಳು. “ನಾ... ನಾ... ನಾನೇ ಗುಡುಗು.”

ತೌಸೀಫನ ಮುಖ ಇಳಿಯಿತು. “ನೀವಾ? ಇದೆಂಥ ಮೋಸರಿ! ಹುಲಿ ಅಂತ ತಿಳಕೊಂಡಿದ್ವಿ. ಎಲ್ಲಾ ನಾಟಕ ಏನು?”

“ಅಕಿಗೆ ಮಾತು ಸರಿಗಿಲ್ರಿ, ಸುಮ್ನೆ ಹೊತ್ತು ಹೋಗ್ಲಿ ಅಂತ...” ಅಣ್ಣ ನಡುವೆ ಬಾಯಿ ಹಾಕಿದ.

“ನೀ ಸು... ಸುಮ್ನಿರಣ್ಣ!” ಅವಳು ಮೇಜು ಗುದ್ದಿದಳು. ಆಮೇಲೆ ತೌಸೀಫನ ಕಡೆ ತಿರುಗಿದಳು. “ಗಂ... ಗಂಡಸು ಅಂತ ನಾ ಎಂದಾದ್ರೂ ಹೇಳಿದ್ನೇನ್ರಿ? ತಿಳಕೊಂಡೋರು ನೀವು. ನಿಮ್ಮ ಕ್ವಾಟಿಗೆ ಮುತ್ತಿಗಿ ಬಿದ್ದಾಗ ಓ... ಓಡಿಬಂದಾಕಿ ಯಾರು? ಅಕಿ ಸುಳ್ಳಲ್ಲ. ಎರಡು ವರ್ಷ ಇ... ಇಲ್ಲಿ ಬಾಯಿ ಮುಚ್ಚಿಕೊಂಡು ಕುಂತಿದ್ಲಲ್ಲ, ಅ... ಅಕೀದು ನಾಟಕ!”

ಇಷ್ಟು ಹೇಳಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಆದರೂ ಒಂದು ಮಾತನ್ನೂ ನುಂಗಲಿಲ್ಲ. ತೌಸೀಫ್ ಸಿಹಿ ಪೊಟ್ಟಣ ಎತ್ತಿಕೊಂಡು ಹೊರಟುಹೋದ.

ಆ ವಾರದಲ್ಲೇ ಅವನು ಏಳು ಮಂದಿಯನ್ನು ಕರೆದುಕೊಂಡು ಬೇರೆ ಪಡೆ ಕಟ್ಟಿದ. ಅವಳು ಯಾರ ಕೈಕಾಲೂ ಹಿಡಿಯಲಿಲ್ಲ. ಉಳಿದವರಿಗೆ ಬರೆದಳು: ‘ನಾನು ಗಂಗಾಂಬಿಕಾ. ನನ್ನ ಅಪ್ಪಣಿ ಒಪ್ಪೋರು ಇರ್ರಿ, ಉಳಿದೋರು ಈಗಲೇ ಹೋಗ್ರಿ.’ ಎಂಟು ಮಂದಿಯೂ ಉಳಿದರು.

ತೊದಲು ಹೋಗಲಿಲ್ಲ. ಹಾಗೆ ಬರೆದ ಮರುದಿನ ತೆಲಿಗಿ ಊರಿನ ಮುದುಕ ಕರಿಸಿದ್ದಪ್ಪ ಅರ್ಜಿಯ ವಿಚಾರ ಕೇಳಿದಾಗ ಸೋಮಶೇಖರ್ ಬಾಯಿ ತೆರೆದ. ಅವಳು ಒಮ್ಮೆ ದಿಟ್ಟಿಸಿ ನೋಡಿದ್ದೇ ತಡ, ಮುಚ್ಚಿದ.

“ಹೇಳವ್ವ,” ಎಂದ ಮುದುಕ ಬೆಂಚಿನ ಮೇಲೆ ಕೂರುತ್ತಾ, “ಬಸ್ಸಿಗೆ ಇನ್ನೂ ಹೊತ್ತೈತಿ.”

ಅವಳು ಹೇಳಿ ಮುಗಿಸಿದಳು.