ನೀರು ಬಿಡುವ ಕೀಲಿ

ಧಾರವಾಡದ ಹೈಕೋರ್ಟಿನಲ್ಲಿ ಹಿಂದಿನ ಬೆಂಚು ಹಿಡಿದು ಕುಳಿತಿದ್ದ ಫಕೀರವ್ವನಿಗೆ, ಮುಂದೆ ನಡೆದಿದ್ದ ಇಂಗ್ಲಿಷಿನಲ್ಲಿ ತಿಳಿಯುತ್ತಿದ್ದುದು ಒಂದೇ ಮಾತು. ರಾಡು. ಸರಕಾರಿ ವಕೀಲರು ರಾಡು ಎಂದರು, ಹಿರಿಯ ನ್ಯಾಯಮೂರ್ತಿಗಳು ರಾಡು ಎಂದರು, ಅವಳ ಕಡೆಯ ಹೊಂಬಳ ವಕೀಲರೂ ಬೆವರು ಒರೆಸಿಕೊಳ್ಳುತ್ತ ರಾಡು ಎಂದರು. ಊರಿಗೆ ನೀರು ಬಿಡುವ ಕೆಲಸದಲ್ಲಿದ್ದ ಅವಳ ಗಂಡ ಮುದುಕಪ್ಪ ಜೈಲು ಸೇರಿ ಏಳು ವರ್ಷವಾಗಿತ್ತು. ಕೊಲೆ ಕೇಸು, ಜೀವಾವಧಿ ಶಿಕ್ಷೆ. ಈ ಅಪೀಲು ಬಿದ್ದುಹೋದರೆ ಅವನು ಮನೆಗೆ ಬರುವುದು ಯಾವ ಕಾಲಕ್ಕೋ.

ಊಟದ ಬಿಡುವಿಗೆ ಹೊಂಬಳರು ಹೊರಗೆ ಬಂದು ಗೋಡೆಗೆ ಒರಗಿ ನಿಂತರು.

"ಏನಾತ್ರೀ ವಕೀಲ್ರ?"

"ಚೊಲೋನ ನಡದಿತ್ತು ತಂಗಿ. ನೀರಿನ ಸಲುವಾಗಿ ಒಮ್ಮಿಂದೊಮ್ಮೆಲೆ ಹತ್ತಿದ ಜಗಳ, ಒಂದ ಏಟು, ಕೊಲ್ಲಬೇಕಂತ ಮನಸಿನ್ಯಾಗ ಇರಲಿಲ್ಲ ಅಂತ ಹೇಳಿದೆ. ಸಾಹೇಬರು ಗೋಣೂ ಹಾಕಿದ್ರು. ಆಮ್ಯಾಲೆ ಒಂದ ಪ್ರಶ್ನೆ ಒಗದ್ರು ನೋಡು. ಓಣಿಗೆ ನೀರು ಬಿಡಾಕ ಹೋದಾಂವ ಮೂರು ಅಡಿ ಕಬ್ಬಿಣದ ರಾಡು ಯಾಕ ಹಿಡಕೊಂಡು ಹೋದ? ಪೊಲೀಸರಿಗೆ ಅದು ಸಿಕ್ಕಿದ್ದು ನಿಮ್ಮ ಮನ್ಯಾಗ. ಹೊಡೀಬೇಕಂತನ ಒಯ್ದಾನ ಅಂತಾರ. ನನ್ನ ಕಡೆ ಜವಾಬಿಲ್ಲ."

ಫಕೀರವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

"ಅದು ರಾಡ್ ಅಲ್ರೀ."

"ಮತ್ತೇನು?"

"ವಾಲಿನ ಕೀಲಿ. ನೀರು ಬಿಡೋದು."

ಹೊಂಬಳರು ಹುಟ್ಟಿದ್ದು ಪ್ಯಾಟೆಯಲ್ಲಿ, ನಲ್ಲಿ ತಿರುವಿದರೆ ನೀರು ಬರುವ ಮನೆಯಲ್ಲಿ. "ವಾಲ್‌ಗೆ ಚಕ್ರ ಇರತೈತೆಲ್ಲ?" ಎಂದರು.

"ಚಕ್ರ ಇಟ್ರ ಓಣ್ಯಾಗ ಹೋಗೋರು ಬರೋರೆಲ್ಲ ತಿರುವ್ತಾರ್ರೀ. ಅದಕ್ಕ ಗುಂಡಿಯೊಳಗ ಬರೇ ಚೌಕ ಮೂತಿ ಇಟ್ಟಿರ್ತಾರ. ಮ್ಯಾಲಿಂದ ಕೀಲಿ ಇಳಿಸಿ ತಿರುವಬೇಕು. ಊರಿಗೆಲ್ಲ ಒಂದ ಕೀಲಿ. ಅದು ಇಲ್ಲದ ನೀರು ಬಿಡೋದು ಹ್ಯಾಂಗ? ಕೆಲಸ ಮುಗದ ಮ್ಯಾಲೆ ಮನ್ಯಾಗ ಇಡತಿದ್ರು."

ಹೊಂಬಳರು ಹಣೆ ಹಣೆ ಬಡಿದುಕೊಂಡರು. "ಏಳು ವರ್ಷ ಬಾಯಾಗ ಏನ್ ಇಟ್ಕೊಂಡಿದ್ದಿ ಯವ್ವಾ? ನೂರು ಸಲ ಕೇಳೇನಿ, ಮತ್ತೇನರ ಐತೇನು ಅಂತ."

ಬಾಯಲ್ಲಿ ಇದ್ದದ್ದು ಹೆದರಿಕೆ. ಪೊಲೀಸರು ಪಂಚನಾಮೆಯಲ್ಲಿ 'ಅಡ್ಡ ಹಿಡಿಕೆ ಇರುವ ರಾಡು' ಎಂದು ಬರೆದಾಗ ಊರ ಹಿರಿಯರು ಅವಳನ್ನು ಕೂರಿಸಿಕೊಂಡು ಬುದ್ಧಿ ಹೇಳಿದ್ದರು. ರಾಡು ಯಾರದಾದರೂ ಇರಬಹುದು, ಕೀಲಿ ಮುದುಕಪ್ಪನದೊಂದೇ, ಕೀಲಿಯ ಹೆಸರು ಎತ್ತಿದರೆ ಕೊಂದವನು ಅವನೇ ಎಂದು ನೀನೇ ತೋರಿಸಿಕೊಟ್ಟಂತೆ. ಅವತ್ತಿನ ವಕೀಲರೂ ಎಲ್ಲವನ್ನೂ ಇಲ್ಲ ಎನ್ನಿ ಎಂದರು. ಗಂಡ, ನಾನು ಅಲ್ಲಿ ಇರಲೇ ಇಲ್ಲ ಎಂದ. ಹೆಂಡತಿ, ಮನೆಯಲ್ಲಿ ಉಣ್ಣುತ್ತಿದ್ದ ಎಂದು ಪ್ರಮಾಣ ಮಾಡಿ ಸಾಕ್ಷಿ ಹೇಳಿದಳು. ಪಂಚಾಯಿತಿಯವರು ಸದ್ದಿಲ್ಲದೆ ಹೊಸ ಕೀಲಿ ಮಾಡಿಸಿದರು. ಎಲ್ಲರೂ ಸೇರಿ ಅವನನ್ನು ಉಳಿಸಲು ಹೊರಟು ಒಳಗೆ ಹಾಕಿಸಿದ್ದರು.

ಬಿಡುವು ಮುಗಿಯುವ ಮುಂಚೆಯೇ ಹೊಂಬಳರು ಒಳಗೆ ಹೋಗಿ ನಿಂತಿದ್ದರು. ನ್ಯಾಯಮೂರ್ತಿಗಳು ಕೂತರೋ ಇಲ್ಲವೋ, ಆ ವಸ್ತುವನ್ನು ಒಮ್ಮೆ ಕಣ್ಣಾರೆ ನೋಡಬೇಕು ಸ್ವಾಮಿ ಎಂದು ಕೇಳಿಕೊಂಡರು. ಕೆಳಗಿನ ಕೋರ್ಟಿನಿಂದ ಕಾಗದಗಳ ಜೊತೆ ಅದೂ ಬಂದಿತ್ತು. ಕಚೇರಿಯಿಂದ ತರಿಸಲು ಹಿಡಿದ ಇಪ್ಪತ್ತು ನಿಮಿಷ ಫಕೀರವ್ವನಿಗೆ ಏಳು ವರ್ಷಕ್ಕಿಂತ ಉದ್ದವಾಯಿತು. ಕಡೆಗೆ ಬಿಳಿ ಬಟ್ಟೆಯ ಗಂಟು ಬಂತು, ಅರಗಿನ ಮೊಹರು ಒಡೆಯಿತು, ಸುತ್ತು ಬಿಚ್ಚಿಕೊಂಡಿತು. ತುಕ್ಕು ಹಿಡಿದು ಕೆಂಪಾಗಿದ್ದರೂ ಅವಳಿಗೆ ಗುರುತು ಹತ್ತಿತು. ಅಡ್ಡ ಹಿಡಿಕೆಯ ಎಡತುದಿ ಸೊಟ್ಟಗಿದ್ದುದೂ ಹಾಗೆಯೇ ಇತ್ತು.

ಹಿರಿಯ ನ್ಯಾಯಮೂರ್ತಿಗಳು ಅದನ್ನು ತಿರುಗಿಸಿ ತುದಿ ನೋಡಿದರು. ಒಳಗೆ ಟೊಳ್ಳು, ಚೌಕ ಬಾಯಿ. "ಇದನ್ನು ಹೇಗೆ ಬಳಸುತ್ತಾರೆ?"

"ಆರೋಪಿಯ ಹೆಂಡತಿ ಇಲ್ಲೇ ಇದ್ದಾಳೆ ಸ್ವಾಮಿ," ಎಂದರು ಹೊಂಬಳರು. "ಅವನ ಕೆಲಸ ಈಗ ಇವಳೇ ಮಾಡುತ್ತಾಳೆ."

ಕರೆದಾಗ ಅವಳು ಎದ್ದು ಮುಂದೆ ಹೋದಳು. ಕೀಲಿ ಕೈಗೆ ಬಂತು. ಅವಳು ಅದನ್ನು ನೆಟ್ಟಗೆ ನಿಲ್ಲಿಸಿದಳು, ಬಲಗಾಲು ಮುಂದಿಟ್ಟಳು, ಎರಡೂ ಕೈಯಿಂದ ಹಿಡಿಕೆ ಒತ್ತಿ ಸೊಂಟದಿಂದ ತಿರುವಿದಳು. ದಿನಾ ಬೆಳಿಗ್ಗೆ ಮಾಡುವ ಕೆಲಸ, ಯಾರೂ ಕಲಿಸಿಕೊಡಬೇಕಿರಲಿಲ್ಲ. ನೋಡುತ್ತಿದ್ದ ವಕೀಲರಲ್ಲಿ ಒಬ್ಬರು ಹಾಂ ಎಂದದ್ದು ಎಲ್ಲರಿಗೂ ಕೇಳಿಸಿತು.

ಸರಕಾರಿ ವಕೀಲರು ಬಿಟ್ಟಾರೆಯೇ? ಈ ಸಲ ಕನ್ನಡದಲ್ಲೇ ಹೇಳಿದರು. "ಸ್ವಾಮಿ, ಗಂಡ ಆಗ ಮನೆಯಲ್ಲಿ ಉಣ್ಣುತ್ತಿದ್ದ ಅಂತ ಪ್ರಮಾಣ ಮಾಡಿದವಳು ಇವಳೇ."

"ಹೌದೇನಮ್ಮಾ? ಆಗ ಹೇಳಿದ್ದು ಸುಳ್ಳೇ?" ಎಂದು ಹಿರಿಯ ನ್ಯಾಯಮೂರ್ತಿಗಳು ಕೇಳಿದರು.

ಹೊಂಬಳರ ಕಣ್ಣು ಸುಮ್ಮನಿರು ಎನ್ನುತ್ತಿತ್ತು. ಸುಳ್ಳು ಸಾಕ್ಷಿಗೆ ತನ್ನನ್ನೂ ಒಳಗೆ ಹಾಕಬಹುದು ಎಂಬುದು ಅವಳಿಗೆ ಗೊತ್ತಿತ್ತು. ಆದರೆ ಕೀಲಿ ಕೈಯಲ್ಲಿತ್ತು.

"ಸುಳ್ಳ್ ರೀ ಸಾಹೇಬ್ರ. ಹೊಡದಾಂವ ನನ್ನ ಗಂಡನ. ಆಗೆಲ್ಲ ಎಂಟು ದಿನಕ್ಕೊಮ್ಮೆ ನೀರು ಬರ್ತಿತ್ತು. ಕೆಳಗಿನ ಓಣಿಗೆ ಬಿಡಾಕತ್ತಿದ್ದ. ಮ್ಯಾಲಿನ ಓಣಿ ದ್ಯಾವಪ್ಪಣ್ಣ ಬಂದು, ನಮ್ಮ ಪಾಳಿ ಮಾರ್ಕೊಂಡಿ ಏನ್ಲೇ ಅಂತ ಕೊರಳಪಟ್ಟಿಗೆ ಕೈ ಹಾಕಿದ. ಇಂವ ವಾಲಿನ್ಯಾಗಿಂದ ಕೀಲಿ ಕಿತ್ತು ಬೀಸಿದ. ಒಂದ ಏಟ್ರೀ. ನಾ ಕೊಡ ಹಿಡಕೊಂಡು ಅಲ್ಲೇ ನಿಂತಿದ್ದೆ."

ಏಳು ವರ್ಷದಲ್ಲಿ ಆ ಮಾತನ್ನು ಅವಳು ಒಮ್ಮೆಯೂ ಬಾಯಿಬಿಟ್ಟು ಆಡಿರಲಿಲ್ಲ, ಗಂಡನೆದುರೂ ಆಡಿರಲಿಲ್ಲ. ಆಡಿದ ಮೇಲೆ ಮೈ ಹಗುರಾಯಿತು.

ನ್ಯಾಯಮೂರ್ತಿಗಳು ಇಬ್ಬರೂ ತಲೆ ಹತ್ತಿರ ಮಾಡಿ ಮಾತಾಡಿಕೊಂಡರು. ಆಮೇಲೆ ಹಿರಿಯರು ಅವಳಿಗೂ ತಿಳಿಯಲಿ ಎಂದು ನಿಧಾನವಾಗಿ ಹೇಳಿದರು. "ನಿನ್ನ ಮಾತು ಸಾಕ್ಷಿಯಲ್ಲ, ಅದನ್ನು ನಾವು ಬರೆದುಕೊಳ್ಳುವುದಿಲ್ಲ. ಈ ವಸ್ತುವನ್ನು ಮಾತ್ರ ಕಣ್ಣಾರೆ ನೋಡಿದ್ದೇವೆ. ವಾಲಿನ ಗುಂಡಿ ತೆರೆದಿತ್ತು ಅಂತ ಸರಕಾರದ ಸಾಕ್ಷಿಗಳೇ ಹೇಳಿದ್ದಾರೆ. ಇವನು ಆಯುಧ ಹಿಡಿದು ಹೋಗಲಿಲ್ಲ, ಕೆಲಸಕ್ಕೆ ಹೋಗಿದ್ದ." ಕೊಲೆಯ ಶಿಕ್ಷೆ ರದ್ದಾಯಿತು. ಹಠಾತ್ ಜಗಳದಲ್ಲಿ ಆದ ಸಾವು, ಅನುಭವಿಸಿದ ಏಳು ವರ್ಷವೇ ಶಿಕ್ಷೆ, ಬಿಡುಗಡೆ ಮಾಡತಕ್ಕದ್ದು.

ಹೊರಗೆ ಬಂದದ್ದೇ ಹೊಂಬಳರು ಸಣ್ಣ ಹುಡುಗನ ಹಾಗೆ ಮೆಟ್ಟಿಲು ಜಿಗಿದರು. "ಜೈಲಿಗೆ ಕಾಗದ ಮುಟ್ಟಾಕ ನಾಕ ದಿನ. ಹೋಗು, ಹೋಳಿಗಿಗೆ ಬ್ಯಾಳಿ ನೆನಿಹಾಕು."

ಫಕೀರವ್ವ ನಕ್ಕಳು, ನಗುನಗುತ್ತಲೇ ಅತ್ತಳು. ಖುಷಿಗೆ ಬಸ್ಸಿನಲ್ಲಿ ಕೂರಲಾಗದೆ ರೋಣದವರೆಗೂ ನಿಂತೇ ಬಂದಳು.

ಮರುದಿನ ಬೆಳಿಗ್ಗೆ ಎಂದಿನಂತೆ ಮೇಲಿನ ಓಣಿಯ ವಾಲನ್ನೇ ಮೊದಲು ತಿರುವಿದಳು. ಏಳು ವರ್ಷದಿಂದ ಅದೇ ಪಾಳಿ. ದ್ಯಾವಪ್ಪನ ಹೆಂಡತಿ ಹನಮವ್ವ ಕೊಡ ತಂದು ನಲ್ಲಿಗೆ ಹಿಡಿದಳು. ಇಷ್ಟು ವರ್ಷ ಮುಖ ಎತ್ತದವಳು ಇವತ್ತು ಎತ್ತಿದಳು.

"ಬಿಡ್ತಾರಂತ?"

"ಹೂಂನವ್ವಾ. ನಾ ಎಲ್ಲಾ ಖರೇನ ಹೇಳಿದೆ. ಹೊಡದಾಂವ ಅವನ ಅಂತ."

ಕೊಡ ತುಂಬಿ ಹೊರಗೆ ಚೆಲ್ಲತೊಡಗಿತು. ಹನಮವ್ವ ಅದನ್ನು ಸರಿಸಲಿಲ್ಲ.

"ಊರಿಗೆ ಬರಲಿ," ಎಂದಳು. "ಕೀಲಿ ಮಾತ್ರ ಅವನ ಕೈಗೆ ಕೊಡಬ್ಯಾಡ."

ಫಕೀರವ್ವ ಎರಡೂ ಕೈಯಿಂದ ಹಿಡಿಕೆ ಹಿಡಿದುಕೊಂಡೇ ನಿಂತಿದ್ದಳು.

"ಕೊಡೂದಿಲ್ಲ," ಎಂದಳು.