ಎಡಗೈ ಅಕ್ಕನ ರೈಫಲ್ಲು

ಅಕ್ಕನದು ಎಡಗೈ. ಮನೆಯ ಕತ್ತರಿಯಿಂದ ಹಿಡಿದು ಇಸ್ತ್ರಿಪೆಟ್ಟಿಗೆಯ ವೈರಿನವರೆಗೆ ಎಲ್ಲವೂ ಬಲಗೈಯವರಿಗೆಂದೇ ಮಾಡಿದವು. ಅದಕ್ಕೆಲ್ಲ ಅವಳು ಹೇಗೋ ಹೊಂದಿಕೊಂಡಿದ್ದಳು. ತಾನು ಕೆಲಸ ಮಾಡುವ ಗಡಿಯಾರ ರಿಪೇರಿಯ ಅಂಗಡಿಯಲ್ಲಿ ಕೂದಲೆಳೆಯಂಥ ಸ್ಪ್ರಿಂಗನ್ನು ಎಡಗೈ ಚಿಮಟದಲ್ಲಿ ಹಿಡಿದು ಕೂರಿಸುವಾಗ ಅವಳ ಉಸಿರಾಟವೂ ಕೇಳಿಸುತ್ತಿರಲಿಲ್ಲ. ಅವಳಿಗೆ ಒಗ್ಗದೆ ಉಳಿದದ್ದು ಒಂದೇ ಒಂದು, ಶೂಟಿಂಗ್ ಕ್ಲಬ್ಬಿನ ರೈಫಲ್ಲು.

ಒಂದು ಗುಂಡು ಹೊಡೆದ ಮೇಲೆ ಖಾಲಿ ತೋಟೆಯನ್ನು ಹೊರಗೆ ಎಸೆದು ಹೊಸದನ್ನು ಒಳಗೆ ತಳ್ಳಲು ರೈಫಲ್ಲಿಗೆ ಒಂದು ಹಿಡಿ ಇರುತ್ತದೆ. ಬೋಲ್ಟ್ ಅನ್ನುತ್ತಾರೆ. ಕ್ಲಬ್ಬಿನ ಎಲ್ಲ ರೈಫಲ್ಲುಗಳಲ್ಲೂ ಅದು ಬಲಗಡೆಗೇ ಇತ್ತು. ಅಕ್ಕ ಪ್ರತಿ ಗುಂಡಿಗೂ ಭುಜಕ್ಕಿಟ್ಟ ರೈಫಲ್ಲಿನಿಂದ ಮುಖವೆತ್ತಿ, ಕೈಯನ್ನು ಆಚೆ ಕಡೆಗೆ ದಾಟಿಸಿ ಅದನ್ನು ಎಳೆಯಬೇಕು. ಅಷ್ಟರಲ್ಲಿ ಹಿಡಿದ ಗುರಿ ತಪ್ಪಿಹೋಗುತ್ತಿತ್ತು. ಹಾಗಿದ್ದೂ ಅವಳು ದೊಡ್ಡ ಸ್ಪರ್ಧೆಗೆ ಆಯ್ಕೆಯಾಗಿದ್ದಳು. ಎರಡು ವರ್ಷ ಕಚೇರಿಗೆ ಅಲೆದು ಕ್ರೀಡೆಯ ರೈಫಲ್ಲಿಗೆ ಸ್ವಂತ ಲೈಸೆನ್ಸನ್ನೂ ಪಡೆದಿದ್ದಳು. ಅದನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟು, ಬೀರುವಿನಲ್ಲಿ ಮದುವೆ ಫೋಟೋದ ಕೆಳಗೆ ಜೋಪಾನ ಮಾಡಿದ್ದಳು.

"ನೋಡ್ತಿರು, ನಿನ್ನ ಕಷ್ಟ ಇವತ್ತಿಗೆ ಮುಗೀತು," ಎನ್ನುತ್ತ ಭಾವ ಒಂದು ಸಂಜೆ ಫೋನು ಹಿಡಿದುಕೊಂಡು ಒಳಗೆ ಬಂದ.

ಭಾವ ಲಿಫ್ಟ್ ರಿಪೇರಿ ಮಾಡುವವನು. ಫೋನಿನಲ್ಲಿ ಏನಾದರೂ ತರಿಸದೆ ಅವನಿಗೆ ನಿದ್ದೆ ಬರುವುದಿಲ್ಲ. ಬೀದಿಯವರೆಲ್ಲ ಅವನನ್ನು ಪಾರ್ಸೆಲ್ ಭಾವ ಅಂತಲೇ ಕರೆಯುತ್ತಾರೆ.

"ಎಡಗೈ ರೈಫಲ್ಲು. ವಿದೇಶದ್ದು. ಬೋಲ್ಟು ಎಡಗಡೆ, ನೋಡೇ ಇಲ್ಲಿ! ಲೈಸೆನ್ಸಿನ ಫೋಟೋ ಕಳಿಸಿ ಸ್ವಲ್ಪ ಮುಂಗಡ ಹಾಕಿದ್ರೆ ಸಾಕಂತೆ. ನೇರ ಮನೆ ಬಾಗಿಲಿಗೆ."

"ಹೋದ ಸಲ ಶೂಸು ತರಿಸಿದ್ರಲ್ಲ, ಎರಡೂ ಎಡಗಾಲಿಂದೇ ಬಂತು," ಅಂದಳು ಅಕ್ಕ.

"ಅದಕ್ಕೇ ಹೇಳ್ತಿರೋದು, ಎಡಗಡೆ ಸಾಮಾನು ನಮ್ಮ ಮನೆಗೆ ತಪ್ಪದೇ ಬರುತ್ತೆ!"

ಅಕ್ಕ ನಕ್ಕಳು. ಆದರೆ ಫೋನನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ಅವಳ ಎಡಗೈ ಬೆರಳು ತನಗೇ ತಿಳಿಯದಂತೆ ಗಾಳಿಯಲ್ಲಿ ಬೋಲ್ಟ್ ಎಳೆಯುತ್ತಿತ್ತು. ಮೂಲೆಯಲ್ಲಿ ಬಟ್ಟೆ ಮಡಚುತ್ತಿದ್ದ ತಂಗಿ ಅದನ್ನು ಕಂಡಳು.

ತಂಗಿ ಹೆಚ್ಚು ಮಾತಿನವಳಲ್ಲ. ಎಂಟನೇ ತರಗತಿಗೇ ಶಾಲೆ ಬಿಟ್ಟು, ಟೀ ಶರ್ಟಿನ ಮೇಲೆ ಹೆಸರು ಅಚ್ಚು ಹಾಕುವ ಅಂಗಡಿಗೆ ಸೇರಿದವಳು. ಯಾರಾದರೂ ದೊಡ್ಡ ವಿಷಯ ಮಾತಾಡುತ್ತಿದ್ದರೆ ನಡುವೆ ಬಾಯಿ ಹಾಕುತ್ತಿರಲಿಲ್ಲ. ಮನಸ್ಸಿನಲ್ಲಿ ಮಾತ್ರ ಪ್ರಶ್ನೆಗಳು ಸಾಲುಗಟ್ಟುತ್ತಿದ್ದವು. ಶೂಸು ಬಂದ ಹಾಗೇ ಕೋವಿಯೂ ಬರುತ್ತದೆಯೇ? ಸೈಕಲ್ ಮೇಲೆ ಬರುವ ಆ ಪಾರ್ಸೆಲ್ ಹುಡುಗನ ಚೀಲದಲ್ಲೇ? ಗಡಿಯಲ್ಲಿ ಯಾರೂ ಬಿಚ್ಚಿ ನೋಡುವುದಿಲ್ಲವೇ?

"ಭಾವ, ಪೆಟ್ಟಿಗೆ ಮೇಲೆ ಏನಂತ ಬರೆದಿರ್ತಾರೆ?" ಎಂದು ಕೊನೆಗೆ ಕೇಳಿದಳು.

"ಯಂತ್ರದ ಬಿಡಿಭಾಗ ಅಂತ. ಅವರೇ ಬರೆದಿದಾರೆ ನೋಡು. ಅದರಲ್ಲೇನಿದೆ? ನಮ್ಮ ಲಿಫ್ಟಿನ ಸಾಮಾನೂ ಹೊರಗಿಂದ ಹಾಗೇ ಬರೋದು."

"ಲಿಫ್ಟಿನ ಸಾಮಾನು ನಿಜವಾಗಲೂ ಬಿಡಿಭಾಗ ಅಲ್ವಾ?"

ಭಾವ ಕೈ ಕೊಡವಿದ. "ನಿನ್ನದೊಳ್ಳೆ ಕಥೆ! ಲೈಸೆನ್ಸ್ ಇಲ್ಲದವರು ಹೆದರಬೇಕು ಕಣೆ. ನಿಮ್ಮಕ್ಕನ ಹತ್ತಿರ ಸೀಲು ಹೊಡೆದಿರೋ ಲೈಸೆನ್ಸ್ ಇದೆ."

ತಂಗಿ ಫೋನನ್ನು ಇಸಿದುಕೊಂಡು ಚಿತ್ರವನ್ನು ಎರಡು ಬೆರಳಲ್ಲಿ ಹಿಗ್ಗಿಸಿದಳು. ನಳಿಗೆಯ ಮೇಲೆ ಸಣ್ಣ ಅಕ್ಷರ, ಅಂಕಿಗಳಿದ್ದವು. ಬೇರೆ ಯಾರಿಗೇ ಆದರೂ ಅವು ಏನೋ ವಿದೇಶಿ ಗೀಚಿನಂತೆ ಕಾಣುತ್ತಿದ್ದವು. ಆದರೆ ತಂಗಿಯ ಕೆಲಸವೇ ಅದು. ಬಟ್ಟೆಗೆ ಅಂಟಿಸುವ ಹಾಳೆಯಲ್ಲಿ ಹೆಸರನ್ನು ಕನ್ನಡಿಯಲ್ಲಿ ಕಂಡಂತೆ ಹಿಂದುಮುಂದಾಗಿ ಅಚ್ಚು ಹಾಕುತ್ತಾರೆ. ಬಿಸಿ ಪ್ರೆಸ್ಸು ಒತ್ತಿದ ಮೇಲೆ ಬಟ್ಟೆಯ ಮೇಲೆ ಅದು ನೆಟ್ಟಗಾಗುತ್ತದೆ. ದಿನಕ್ಕೆ ಇನ್ನೂರು ಹೆಸರನ್ನು ಹಿಂದಿನಿಂದ ಮುಂದಕ್ಕೆ ಓದಿ ಅವಳ ಕಣ್ಣು ಪಳಗಿಹೋಗಿತ್ತು.

"ಅಕ್ಕ, ಈ ಅಕ್ಷರ ಎಲ್ಲಾ ತಿರುಗುಮುರುಗಾಗಿದೆ. ಈ ಮೂರರ ಅಂಕಿ ನೋಡು, ಬೆನ್ನು ತಿರುಗಿಸಿ ನಿಂತಿದೆ."

"ಅಂದ್ರೆ?"

"ಇದು ಬಲಗೈ ರೈಫಲ್ಲೇ. ಫೋಟೋನ ಮಗುಚಿ ಹಾಕಿದಾರೆ ಅಷ್ಟೆ."

ಅಕ್ಕ ಎದ್ದು ಗೋಡೆಯ ಕನ್ನಡಿಗೆ ಫೋನು ಹಿಡಿದಳು. ಅಕ್ಷರಗಳು ನೆಟ್ಟಗಾದವು. ಬೋಲ್ಟು ಬಲಗಡೆಗೆ ಹೋಯಿತು. 

"ಆಯ್ತು ಬಿಡು, ಇವನು ಕಳ್ಳ," ಅಂದ ಭಾವ. "ಅಕ್ಷರ ನೆಟ್ಟಗಿರೋ ಬೇರೆಯವನನ್ನ ಹುಡುಕಿದ್ರಾಯ್ತು."

ಮರುದಿನ ಅಕ್ಕ ಇಬ್ಬರನ್ನೂ ಕರೆದುಕೊಂಡು ಪೇಟೆಯ ಕೋವಿ ಅಂಗಡಿಗೆ ಹೋದಳು. ಸರ್ಕಾರದ ಪರವಾನಗಿ ಪತ್ರವನ್ನು ಗಾಜು ಹಾಕಿ ಗೋಡೆಗೆ ತಗುಲಿಸಿದ್ದ ಪುಟ್ಟ ಅಂಗಡಿ ಅದು. ಕಿಟಕಿಗೆ ಕಬ್ಬಿಣದ ಜಾಲರಿ, ಒಳಗೆ ಎಣ್ಣೆಯ ವಾಸನೆ. ನಡೆಸುವವರು ಅರವತ್ತು ದಾಟಿದ ಹೆಂಗಸು. ಕ್ಲಬ್ಬಿನವರೆಲ್ಲ ಅವರನ್ನು ಅಂಗಡಿ ಅಮ್ಮ ಎನ್ನುತ್ತಿದ್ದರು. ಅವರು ಕನ್ನಡಕವನ್ನು ಹಣೆಗೇರಿಸಿ ಭಾವನ ಮಾತನ್ನೆಲ್ಲ ಕೇಳಿಸಿಕೊಂಡರು.

"ನೋಡಪ್ಪ," ಅಂದರು, "ದುಡ್ಡು ಕಳಿಸಿ ರೈಫಲ್ಲು ಬರದೇ ಹೋದ್ರೆ ದುಡ್ಡು ಹೋಯ್ತು. ಬಂದುಬಿಟ್ರೆ ಅದಕ್ಕಿಂತ ಕಷ್ಟ. ನಿನ್ನ ಹೆಂಡತಿ ಲೈಸೆನ್ಸೇ ಹೋಯ್ತು."

"ಬಂದ್ರೆ ಯಾಕಮ್ಮ ಹೋಗುತ್ತೆ? ಲೈಸೆನ್ಸ್ ಇದೆಯಲ್ಲ!"

"ಲೈಸೆನ್ಸು ಇಟ್ಟುಕೊಳ್ಳೋಕೆ. ಹೊರಗಿಂದ ತರಿಸೋಕೆ ಬೇರೆ ಅನುಮತಿ ಬೇಕು, ಆಮದಿಂದು. ಅದು ಕೈಗೆ ಬರೋ ಮುಂಚೆ ಆರ್ಡರೇ ಮಾಡಬಾರದು. ಬಿಡಿಭಾಗ ಅಂತ ಸುಳ್ಳು ಬರೆದ ಪೆಟ್ಟಿಗೆ ಸಿಕ್ಕಿಬಿದ್ರೆ, ಅದರ ಮೇಲೆ ಹೆಸರು ಯಾರದಿರುತ್ತೆ? ಮಾರಿದವನದಲ್ಲ."

ಭಾವ ಅಕ್ಕನ ಕಡೆ ನೋಡಿದ. ಅಕ್ಕ ಲೈಸೆನ್ಸಿನ ಪ್ಲಾಸ್ಟಿಕ್ ಹೊದಿಕೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದಳು. ಅದು ಹೋದರೆ ಸ್ಪರ್ಧೆಯಷ್ಟೇ ಅಲ್ಲ, ಕ್ಲಬ್ಬಿನ ಬಾಗಿಲೂ ಮುಚ್ಚಿದ ಹಾಗೆ.

ಆದರೂ ಭಾವ ಬಿಡಲಿಲ್ಲ. "ನಿಮ್ಮ ಹತ್ತಿರಾನೇ ಕೊಳ್ಳಲಿ ಅಂತ ಹೇಳ್ತಿದೀರಿ, ಅಲ್ವಾ ಅಮ್ಮ?"

"ಹೌದಪ್ಪ, ಹೊಟ್ಟೆಪಾಡು!" ಅಂಗಡಿ ಅಮ್ಮ ಜೋರಾಗಿ ನಕ್ಕರು. "ನನ್ನ ಮಾತು ನಂಬಬೇಡ. ಲೈಸೆನ್ಸ್ ಕೊಟ್ಟ ಕಚೇರಿಗೇ ಫೋನು ಮಾಡು. ಇಲ್ಲೇ, ನನ್ನೆದುರಿಗೇ ಮಾಡು."

ಭಾವ ಮಾಡಿಯೇ ಮಾಡಿದ. ಆ ಕಡೆಯ ಗುಮಾಸ್ತ ಎರಡೇ ನಿಮಿಷದಲ್ಲಿ ಅದೇ ಮಾತು ಹೇಳಿದ. ಜೊತೆಗೆ, "ಲೈಸೆನ್ಸಿನ ಫೋಟೋ ಯಾರಿಗಾದರೂ ಕಳಿಸಿದೀರಾ?" ಎಂದೂ ಕೇಳಿದ.

"ಇಲ್ಲ ಸಾರ್, ಕಳಿಸೋಣ ಅಂತಿದ್ವಿ."

"ಕಳಿಸಬೇಡಿ. ನಿಮ್ಮ ಹೆಸರಲ್ಲಿ ಇನ್ಯಾರೋ ಏನೋ ಕೊಳ್ತಾರೆ."

ಭಾವ ಫೋನನ್ನು ಜೇಬಿಗೆ ಹಾಕಿದ. ಆ ದಿನ ಮತ್ತೆ ಹೊರಗೆ ತೆಗೆಯಲಿಲ್ಲ.

ಈಗ ತಂಗಿಯ ನಾಲಿಗೆ ತಾನಾಗೇ ಬಿಚ್ಚಿಕೊಂಡಿತು. "ಮತ್ತೆ ಸರಿಯಾದ ದಾರೀಲಿ ಹೇಗೆ ಬರುತ್ತೆ ಅಮ್ಮ? ಯಾರ್ಯಾರ ಕೈ ದಾಟಿ?"

ಅಂಗಡಿ ಅಮ್ಮನಿಗೆ ಇಂಥ ಪ್ರಶ್ನೆ ಕೇಳುವವರೆಂದರೆ ಇಷ್ಟ. ಎದುರಿಗಿದ್ದ ಸ್ಟೂಲನ್ನು ಅವಳ ಕಡೆ ತಳ್ಳಿ ವಿವರಿಸಿದರು. ಲೈಸೆನ್ಸಿನಲ್ಲಿ ಬರೆದ ಬಗೆಯ ರೈಫಲ್ಲೇ ಆಗಿರಬೇಕು. ನಮ್ಮ ಕಚೇರಿ ತರಿಸಲು ಅನುಮತಿ ಕೊಡಬೇಕು. ಆ ದೇಶದವರು ಕಳಿಸಲು ಅನುಮತಿ ಕೊಡಬೇಕು. ಕಸ್ಟಮ್ಸಿನವರು ಪೆಟ್ಟಿಗೆ ಬಿಚ್ಚಿ ರೈಫಲ್ಲಿನ ಮೇಲಿನ ನಂಬರನ್ನು ಕಾಗದದೊಂದಿಗೆ ತಾಳೆ ನೋಡುತ್ತಾರೆ. ಆಮೇಲೂ ಅದು ಮನೆಗೆ ಬರುವುದಿಲ್ಲ. ಪರವಾನಗಿ ಇರುವ ಅಂಗಡಿಗೆ ಬರುತ್ತದೆ. ಅಲ್ಲಿ ಆ ನಂಬರು ಲೈಸೆನ್ಸಿನಲ್ಲಿ ದಾಖಲಾದ ಮೇಲೆಯೇ ಕೈಗೆ.

"ಅಂದ್ರೆ ಒಂದು ನಂಬರನ್ನ ಇಷ್ಟೊಂದು ಜನ ಓದ್ತಾರೆ," ಅಂದಳು ತಂಗಿ ಬೆರಗಿನಿಂದ.

"ಹೂಂ. ಅಷ್ಟು ಜನ ಓದಿರೋದ್ರಿಂದಲೇ ನಿಮ್ಮಕ್ಕ ರಾತ್ರಿ ನೆಮ್ಮದಿಯಾಗಿ ಮಲಗಬಹುದು."

"ಎಷ್ಟು ದಿನ ಆಗುತ್ತಮ್ಮ?" ಅಕ್ಕ ಕೇಳಿದಳು.

"ತಿಂಗಳುಗಟ್ಟಲೆ. ಸ್ಪರ್ಧೆಗೆ ಸಿಗಲ್ಲ ಮಗಳೇ. ಸುಳ್ಳು ಹೇಳಲ್ಲ."

ಅಕ್ಕ ಆಮದಿನ ಅರ್ಜಿಯ ಹಾಳೆ ಕೇಳಿ ತೆಗೆದುಕೊಂಡು, ಅಲ್ಲೇ ನಿಂತು ಎಡಗೈಯಲ್ಲಿ ತುಂಬಿದಳು.

ಆ ಸಲದ ಸ್ಪರ್ಧೆಗೆ ಅವಳು ಕ್ಲಬ್ಬಿನ ಬಲಗೈ ರೈಫಲ್ಲನ್ನೇ ಹೊತ್ತು ಹೋದಳು. ಆರನೆಯವಳಾಗಿ ಬಂದಳು. ಮನೆಗೆ ಬಂದು ಶೂಸು ಬಿಚ್ಚುತ್ತ, "ಪ್ರತಿ ಸಲ ಕೈ ದಾಟಿಸದೇ ಇದ್ದಿದ್ರೆ," ಎಂದಷ್ಟೇ ಹೇಳಿ ನಿಲ್ಲಿಸಿದಳು. ಭಾವ ಆ ದಿನ ತಮಾಷೆ ಮಾಡಲಿಲ್ಲ. ಎದ್ದು ಹೋಗಿ ಅವಳಿಗೆ ಚಹಾ ಮಾಡಿ ತಂದ.

ಏಳು ತಿಂಗಳ ಮೇಲೆ ಅಂಗಡಿ ಅಮ್ಮನಿಂದ ಫೋನು ಬಂತು. ಮೂವರೂ ಹೋದರು. ಗಲ್ಲಾದ ಮೇಲೆ ಉದ್ದನೆಯ ಪೆಟ್ಟಿಗೆ ತೆರೆದಿತ್ತು. ಒಳಗಿದ್ದ ರೈಫಲ್ಲಿನ ಬೋಲ್ಟು ಎಡಗಡೆಗೇ ಇತ್ತು. ಅಂಗಡಿ ಅಮ್ಮ ಅದರಲ್ಲಿ ಗುಂಡಿಲ್ಲವೆಂದು ತೆರೆದು ತೋರಿಸಿ, ಕಾಗದಗಳನ್ನು ಅಕ್ಕನ ಕೈಗೆ ಕೊಟ್ಟರು. "ನಂಬರು ಯಾರಾದ್ರೂ ಗಟ್ಟಿಯಾಗಿ ಓದಿ," ಅಂದರು.

"ಅವಳು ಓದಲಿ," ಅಂದ ಭಾವ ತಂಗಿಯ ಕಡೆ ಕೈ ತೋರಿಸಿ. "ನಮ್ಮ ಮನೇಲಿ ಸರಿಯಾಗಿ ಓದೋಳು ಅವಳೊಬ್ಬಳೇ."

ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ತಂಗಿಯ ಕಿವಿ ಬಿಸಿಯಾಯಿತು. ಆದರೂ ಬಗ್ಗಿ, ನಳಿಗೆಯ ಮೇಲಿನ ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಓದಿದಳು. ಅಕ್ಕ ಕಾಗದದಲ್ಲಿ ಒಂದೊಂದಕ್ಕೂ ಬೆರಳಿಟ್ಟು "ಹೂಂ" ಎಂದಳು. ಕೊನೆಯ ಅಂಕಿ ಮೂರು. ಅದು ಮುಖ ತೋರಿಸಿ ನೆಟ್ಟಗೆ ನಿಂತಿತ್ತು.

ಅಕ್ಕ ರೈಫಲ್ಲನ್ನು ಭುಜಕ್ಕಿಟ್ಟು ಎಡಗೈಯಲ್ಲಿ ಬೋಲ್ಟನ್ನು ಒಮ್ಮೆ ಎಳೆದು ನೋಡಿದಳು. ಮುಖವನ್ನು ರೈಫಲ್ಲಿನಿಂದ ಎತ್ತಲೇ ಇಲ್ಲ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಗುರಿಯ ಆಟ ಆಡುವವರಿರಬಹುದು. ಫೋನಿನಲ್ಲಿ ಯಾರೋ ಚೆಂದದ ರೈಫಲ್ಲು ತೋರಿಸಿ, "ಅನುಮತಿಯ ಚಿಂತೆ ಬೇಡ, ಮನೆಗೇ ಕಳಿಸುತ್ತೇವೆ" ಎಂದರೆ ಅಲ್ಲಿಗೇ ನಿಲ್ಲಿ. ಮುಂಗಡ ಕಟ್ಟಬೇಡಿ, ಲೈಸೆನ್ಸಿನ ಫೋಟೋ ಕಳಿಸಬೇಡಿ. ನಿಯಮ ಒಂದೊಂದು ಕಡೆ ಒಂದೊಂದು ಥರ ಇರುತ್ತದೆ. ಹಾಗಾಗಿ ನಿಮಗೆ ಲೈಸೆನ್ಸ್ ಕೊಟ್ಟ ಕಚೇರಿಯನ್ನೇ ಮೊದಲು ಕೇಳಿ, ಪರವಾನಗಿ ಇರುವ ಅಂಗಡಿಯ ಮೂಲಕವೇ ಕೊಳ್ಳಿ. ತಡವಾಗುತ್ತದೆ, ನಿಜ. ಕಾಯುವಾಗ ಬೇಸರವೂ ಆಗುತ್ತದೆ. ಕೊನೆಗೆ ಪೆಟ್ಟಿಗೆ ಬಂದಾಗ ನಂಬರನ್ನು ನೀವೇ ಓದಿ, ಗಟ್ಟಿಯಾಗಿ ಓದಿ. ಅದನ್ನು ಯಾರೆದುರಿಗೆ ಬೇಕಾದರೂ ಓದುವಂತಿದ್ದರೆ ಮಾತ್ರ ಆ ರೈಫಲ್ಲು ನಿಮ್ಮದು.