ಎರಡು ಕಾಲಿನ ಮೂಲಂಗಿ

ನನ್ನ ಗಂಡ ತೆತ್ಸುವೊಗೆ ಮೂಗಿನ ತುದಿಯಲ್ಲೇ ಸಿಟ್ಟು. ಆ ವರ್ಷ ಮಂಡಿಯ ದಲ್ಲಾಳಿ ನಮ್ಮ ಮೂಲಂಗಿ ಎತ್ತಿ ಹಿಡಿದು, "ಏನಪ್ಪಾ, ಇದಕ್ಕೆ ಎರಡು ಕಾಲು ಬಂದಿದೆ? ಮನೆಗೆ ನಡೆಸ್ಕೊಂಡೇ ಹೋಗು" ಎಂದ. ಕಲ್ಲು ನೆಲದಲ್ಲಿ ಮೂಲಂಗಿ ಕವಲೊಡೆಯದೆ ಇನ್ನೇನು ಮಾಡೀತು? ಇವರು ಅದರಿಂದಲೇ ಅವನ ತಲೆಗೆ ಬಾರಿಸಿ ಬಂದರು. ಮಂಡಿಯ ಬಾಗಿಲು ಅಲ್ಲಿಗೆ ಮುಚ್ಚಿತು.

ಆಗ ಸಿಕ್ಕವರು ಟೋಕಿಯೊ ಅಂಚಿನ ವಸತಿ ಕಟ್ಟಡಗಳ ಹೆಂಗಸರು. ಔಷಧಿ ಹೊಡೆಯದ ತರಕಾರಿ ಹುಡುಕಿಕೊಂಡು ಬಂದಿದ್ದರು. ವರ್ಷದ ದುಡ್ಡು ಮುಂಗಡ ಕೊಡುತ್ತೇವೆ, ಹೊಲ ಕೊಟ್ಟದ್ದನ್ನು ತಿನ್ನುತ್ತೇವೆ ಎಂದರು. ಅವರ ಮುಂದಾಳು ಹಿರಬಯಾಶಿ-ಸಾನ್, ಶಾಲೆಯ ಗಂಟೆಯಂಥ ದನಿಯವಳು.

ಪಕ್ಕದ ಹೊಲದ ಒಗಾತ ನಕ್ಕ. "ಪೇಟೆ ಹೆಂಗಸ್ರನ್ನ ನಂಬ್ತೀರಾ? ಒಂದು ಹುಳ ಕಂಡ್ರೆ ಓಡಿಹೋಗ್ತಾರೆ."

ಹುಳಕ್ಕೆ ಯಾರೂ ಓಡಲಿಲ್ಲ. ಆದರೆ ಅಕ್ಟೋಬರಿನ ಚಂಡಮಾರುತ ಎಲೆಕೋಸು, ಸೊಪ್ಪು, ಬಟಾಣಿ ಚಪ್ಪರ ಎಲ್ಲವನ್ನೂ ಮಲಗಿಸಿತು. ಉಳಿದದ್ದು ಮೂಲಂಗಿ ಮಾತ್ರ. ವಾರ ವಾರವೂ ಅದನ್ನೇ ಕಳಿಸಿದೆವು.

ಒಂದು ಭಾನುವಾರ ಹೆಂಗಸರ ಬಸ್ಸು ಬಂದು ನಿಂತಿತು. "ಜ್ವರ ಅಂತ ಹೇಳು" ಎಂದು ನನ್ನ ಗಂಡ ಕೋಳಿಗೂಡಿಗೆ ನುಗ್ಗಿದರು.

"ಸಾವ-ಸಾನ್," ನಮ್ಮ ಮನೆತನದ ಹೆಸರು ಹಿಡಿದು ಹಿರಬಯಾಶಿ-ಸಾನ್ ನನ್ನತ್ತ ಗುಡುಗಿದಳು, "ಬೇರೆ ತರಕಾರಿ ಎಲ್ಲಾ ಸತ್ತೋಯ್ತಾ ಅಂತ ನಮ್ಮೆಜಮಾನ್ರು ಕೇಳ್ತಾರೆ!"

"ಸತ್ತೋಯ್ತು ಕಣಮ್ಮ. ಬನ್ನಿ, ಹೆಣ ತೋರಿಸ್ತೀನಿ."

ಕೊಳೆತ ಕೋಸಿನ ಸಾಲನ್ನು ಎಲ್ಲರೂ ಕೊನೆಯವರೆಗೆ ನಡೆದು ನೋಡಿದರು. ಹಿರಬಯಾಶಿ-ಸಾನ್ ಪಕ್ಕದ ಸಾಲಿನಿಂದ ಒಂದು ಮೂಲಂಗಿ ಕಿತ್ತಳು. ದಪ್ಪ ತೊಡೆಗಳೆರಡು, ನಡುವೆ ಹೇಳಬಾರದ್ದೊಂದು. ತಿರುಗಿಸಿ ನೋಡಿದಳು.

"ಅಯ್ಯೋ, ನಮ್ಮೆಜಮಾನ್ರಿಗಿಂತ ಇದೇ ಗಟ್ಟಿಮುಟ್ಟಾಗಿದೆ!"

ಹೆಂಗಸರು ಕೆಸರಲ್ಲೇ ಕುಕ್ಕರಿಸಿ ನಕ್ಕರು. ಕೋಳಿಗಳು ಬೆದರಿ ಹೊರಬಂದವು. ಹಿಂದೆಯೇ ತಲೆ ತುಂಬ ಪುಕ್ಕ ಮೆತ್ತಿಕೊಂಡು ನನ್ನ ಗಂಡ.

"ಜ್ವರ ಬಿಡ್ತಾ?" ಎಂದೆ.

ಆಮೇಲೆ ಹೆಂಗಸರೇ ಚಪ್ಪರ ಎತ್ತಿ ಕಟ್ಟಿದರು, ಮೂಲಂಗಿ ಕಿತ್ತು ಒಣಗಲು ನೇತುಹಾಕಿದರು. ಕಳೆ ಕೀಳುತ್ತೇವೆಂದು ಇಬ್ಬರು ಈರುಳ್ಳಿ ಸಸಿಯ ಇಡೀ ಸಾಲನ್ನೇ ಬೋಳಿಸಿದರು. ಇವರು ಹಲ್ಲು ಕಚ್ಚಿ, "ಬಹಳ ಉಪಕಾರವಾಯ್ತು" ಎಂದರು. ಒಣಗಿದ್ದನ್ನು ಉಪ್ಪು, ಅಕ್ಕಿ ತೌಡಿನಲ್ಲಿ ಹೂತು, ಮನೆಮನೆಗೂ ಉಪ್ಪಿನಕಾಯಿ ಹಂಚಿದೆವು.

ಮುಂಗಡ ಕೈಯಲ್ಲಿದ್ದುದರಿಂದ ಬೀಜ ಕೊಂಡೆವು. ಮದುವೆಯಾದ ಮೇಲೆ ಮೊದಲ ಬಾರಿ ಇವರು ಚಳಿಗಾಲದ ರಸ್ತೆ ಕೂಲಿಗೆ ಟೋಕಿಯೊಗೆ ಹೋಗಲಿಲ್ಲ. ಒಗಾತನ ಕೋಸೂ ಹೋಗಿತ್ತು. ಅವನ ದಲ್ಲಾಳಿ 'ಬದುಕಿದ್ದೀಯಾ' ಎಂದೂ ಕೇಳಲಿಲ್ಲ. ಒಗಾತ ಗುದ್ದಲಿ ಹೊತ್ತು ಕೂಲಿಗೆಂದು ಟೋಕಿಯೊ ರೈಲು ಹತ್ತಿದ.

ವಸಂತದಲ್ಲಿ ಸಾಕೆ ಎಂಬ ಅಕ್ಕಿ ಹೆಂಡದ ಸೀಸೆ ಹಿಡಿದು ಬಂದ. "ನನ್ನನ್ನೂ ಸೇರಿಸ್ಕೊಳ್ತೀರಾ?"

ಈಗ ಎರಡೂ ಮನೆಯ ಬೆಳೆ ಒಂದೇ ಗಾಡಿಯಲ್ಲಿ ಹೋಗುತ್ತದೆ. ಹೆಂಗಸರು ಒಗಾತನ ಆಲೂಗಡ್ಡೆಯನ್ನೇ ಹೆಚ್ಚು ಹೊಗಳುತ್ತಾರೆಂದು ನನ್ನ ಗಂಡ ಉರಿದುಬೀಳುತ್ತಾರೆ. ಉರಿಯಲಿ, ಮನೆಯಲ್ಲಿದ್ದಾರಲ್ಲ.